ಒತ್ತಿದರೆ ಜೀನ್ ತೆರೆದುಕೊಳ್ಳುತ್ತದೆಯೇ?

ಪ್ರಶ್ನೆ: ಭ್ರೂಣ ಬೆಳೆಯುವಾಗ ಜೀನ್‌ಗಳು ಸಾಲಾಗಿ, ಒಂದಾದ ಮೇಲೊಂದು ಕೆಲಸ ಶುರು ಮಾಡುತ್ತವೆ ಅಂತ ಓದಿದ್ದೆ. ಈಚೆಗೆ ಇನ್ನೊಂದು ಕಡೆ, ಈ ಸರದಿಯನ್ನು ನಿರ್ಧರಿಸುವುದೇ ಭೌತಿಕ ಬಲಗಳು, ಅಂದರೆ ತಳ್ಳುವುದು, ಎಳೆಯುವುದು, ಒತ್ತುವುದು ಅಂತ ಇತ್ತು. ಎಲ್ಲವೂ ರಾಸಾಯನಿಕಗಳಿಂದ ನಡೆಯುತ್ತದೆ ಅಂದುಕೊಂಡಿದ್ದ ನನಗೆ ಗೊಂದಲವಾಯಿತು. ಇದು ನಿಜವೇ? ನಿಜವಾದರೆ ಗರ್ಭಿಣಿಯ ಹೊಟ್ಟೆಗೆ ಹೊರಗಿನಿಂದ ಒತ್ತಡ ಬಿದ್ದರೂ ಮಗುವಿನ ಜೀನ್‌ಗಳ ಮೇಲೆ ಪರಿಣಾಮ ಆಗುತ್ತದೆಯೇ?

ಉತ್ತರ: ನೀವು ಓದಿದ್ದು ಅರ್ಧ ನಿಜ. ಒತ್ತಡಕ್ಕೆ ಜೀನ್‌ಗಳು ಸ್ಪಂದಿಸುತ್ತವೆ, ಅದಕ್ಕೆ ಗಟ್ಟಿ ಸಾಕ್ಷಿ ಇದೆ. ಆದರೆ ಜೀನ್‌ಗಳನ್ನು ಸಾಲಾಗಿ ಜೋಡಿಸಿದ್ದು ಬಲವಲ್ಲ. ಆ ಸಾಲು ಡಿಎನ್‌ಎಯಲ್ಲೇ ಇರುತ್ತದೆ, ತಲೆತಲಾಂತರದಿಂದ ಹಾಗೇ ಬಂದಿರುತ್ತದೆ. ಬಲದ ಕೆಲಸ ಬೇರೆ. ಯಾವ ಜಾಗದಲ್ಲಿರುವ ಕೋಶ ಯಾವ ಹೊತ್ತಿನಲ್ಲಿ ಯಾವ ಜೀನನ್ನು ತೆರೆಯಬೇಕು ಎಂಬ ಸುದ್ದಿಯನ್ನು ಮುಟ್ಟಿಸುವ ಹಲವು ದೂತರಲ್ಲಿ ಅದೂ ಒಂದು. ನಿಮ್ಮ ಗೊಂದಲಕ್ಕೆ ಕಾರಣ ಈ ಎರಡು ವಿಷಯ ಕಲೆಸಿಹೋಗಿರುವುದು. ಒಂದೊಂದಾಗಿ ನೋಡೋಣ.

ಮೊದಲು ಒಂದು ನೊಣದ ಕಥೆ. ಹಣ್ಣಿನ ನೊಣದ ಭ್ರೂಣ ಅರ್ಧ ಮಿಲಿಮೀಟರ್ ಉದ್ದ ಇರುತ್ತದೆ, ಅಕ್ಕಿಕಾಳಿಗಿಂತಲೂ ಎಷ್ಟೋ ಚಿಕ್ಕದು. ಮೊಟ್ಟೆ ಫಲಿತವಾಗಿ ಸುಮಾರು ಮೂರು ಗಂಟೆಗೆ ಅದರೊಳಗೆ ದೊಡ್ಡ ಓಡಾಟ ಶುರುವಾಗುತ್ತದೆ. ಹೊಟ್ಟೆಯ ಭಾಗದ ಕೋಶಗಳು ಒಳಗೆ ಮಡಚಿಕೊಳ್ಳುತ್ತವೆ. ಅದರ ಬೆನ್ನಿಗೇ ಇಡೀ ಅಂಗಾಂಶದ ಒಂದು ಪಟ್ಟಿ ಉದ್ದಕ್ಕೆ ಹಿಗ್ಗುತ್ತದೆ. ಮೊಟ್ಟೆಯ ಚಿಪ್ಪು ಹಿಗ್ಗುವುದಿಲ್ಲವಲ್ಲ, ಒಳಗಿದ್ದವರೇ ಒಬ್ಬರನ್ನೊಬ್ಬರು ತಳ್ಳಿಕೊಂಡು ಜಾಗ ಮಾಡಿಕೊಳ್ಳಬೇಕು. ಈ ನೂಕುನುಗ್ಗಲಿನಲ್ಲಿ ಮುಂಭಾಗದ ಒಂದು ಸಣ್ಣ ಗುಂಪು ಚೆನ್ನಾಗಿ ಅಮುಕಿಸಿಕೊಳ್ಳುತ್ತದೆ. ಮುಂದೆ ಬಾಯಿ, ಕರುಳಿನ ಮುಂಭಾಗ ಹುಟ್ಟುವ ಜಾಗ ಅದು. ಅಲ್ಲಿ ಆ ಹೊತ್ತಿಗೆ ಟ್ವಿಸ್ಟ್ ಎಂಬ ಜೀನ್ ಜೋರಾಗಿ ಕೆಲಸ ಶುರು ಮಾಡುತ್ತದೆ.

ಇದು ಕಾಕತಾಳೀಯವೋ ಅಥವಾ ಅಮುಕಿದ್ದಕ್ಕೇ ಜೀನ್ ತೆರೆಯಿತೋ? ಪ್ಯಾರಿಸ್‌ನ ಕ್ಯೂರಿ ಇನ್‌ಸ್ಟಿಟ್ಯೂಟ್‌ನ ಎಮಾನ್ಯುಯಲ್ ಫಾರ್ಜ್ 2003ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಭ್ರೂಣವನ್ನು ಹೊರಗಿನಿಂದ ಸ್ವಲ್ಪ ಒತ್ತಿದಾಗ ಸಾಮಾನ್ಯವಾಗಿ ಹೊಟ್ಟೆಯ ಕಡೆ ಮಾತ್ರ ತೆರೆದಿರುವ ಟ್ವಿಸ್ಟ್, ಬೆನ್ನಿನ ಕಡೆಯೂ ತೆರೆಯಿತು.

ಇಷ್ಟೇ ಆಗಿದ್ದರೆ ನಾನು ಈ ಪ್ರಯೋಗವನ್ನು ಅಷ್ಟು ಮೆಚ್ಚುತ್ತಿರಲಿಲ್ಲ. ಯಾವುದೇ ಭ್ರೂಣವನ್ನು ಅಮುಕಿದರೂ ಏನೋ ಒಂದು ಎಡವಟ್ಟು ಆಗಿಯೇ ಆಗುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಅವರ ಮುಂದಿನ ಹೆಜ್ಜೆಯೇ ಮುಖ್ಯ. ಜೀನಿನಲ್ಲಿನ ದೋಷದಿಂದ ಅಂಗಾಂಶದ ಪಟ್ಟಿ ಹಿಗ್ಗದೇ ಇರುವ ರೂಪಾಂತರಿ ನೊಣಗಳಿವೆ. ಅವುಗಳಲ್ಲಿ ಮುಂಭಾಗದ ಕೋಶಗಳನ್ನು ಯಾರೂ ತಳ್ಳುವುದಿಲ್ಲ, ಅಲ್ಲಿ ಟ್ವಿಸ್ಟ್ ಏರುವುದೂ ಇಲ್ಲ. ಅಂಥ ಭ್ರೂಣದ ಅದೇ ಜಾಗವನ್ನು ಸೂಜಿಯಿಂದ ಮೆಲ್ಲಗೆ ಒತ್ತಿದರು. ಟ್ವಿಸ್ಟ್ ಏರಿತು. 2008ರಲ್ಲಿ ಅದೇ ತಂಡ ಇನ್ನೂ ನಾಜೂಕಾಗಿ ಮಾಡಿತು. ಲೇಸರ್‌ನಿಂದ ಸಹಜ ತಳ್ಳಾಟವನ್ನು ನಿಲ್ಲಿಸಿ, ಕೋಶಗಳೊಳಗೆ ಅಯಸ್ಕಾಂತಕ್ಕೆ ಸ್ಪಂದಿಸುವ ಕಣಗಳನ್ನು ಸೇರಿಸಿ, ಹೊರಗಿನ ಅಯಸ್ಕಾಂತದಿಂದ ಎಳೆದು, ಕಳೆದುಹೋಗಿದ್ದ ಒತ್ತಡವನ್ನು ವಾಪಸ್ ಕೊಟ್ಟರು. ಜೀನ್ ಮತ್ತೆ ಏರಿತು. ಬಲ ತೆಗೆದರೆ ಜೀನ್ ಇಳಿಯುತ್ತದೆ, ಬಲ ಕೊಟ್ಟರೆ ಏರುತ್ತದೆ. ಸಾಕ್ಷಿ ಅಂದರೆ ಇದು. ಆ ಟ್ವಿಸ್ಟ್ ಏನು ಸುಮ್ನೆ ಏರುವುದಿಲ್ಲ. ಅದು ಆ ಜಾಗದಲ್ಲಿ ಸಾಕಷ್ಟು ಇಲ್ಲದಿದ್ದರೆ ಕರುಳಿನ ಮುಂಭಾಗ ಸರಿಯಾಗಿ ಆಗುವುದಿಲ್ಲ, ಮರಿಹುಳು ಉಳಿಯುವುದು ಕಷ್ಟ.

ಸರಿ, ಕೋಶದ ಹೊರಗೆ ಬಿದ್ದ ಒತ್ತು ಒಳಗಿನ ಡಿಎನ್‌ಎಗೆ ಹೇಗೆ ಗೊತ್ತಾಗುತ್ತದೆ?

ನೊಣದಲ್ಲಿ ದಾರಿ ಹೀಗಿದೆ. ಅಕ್ಕಪಕ್ಕದ ಕೋಶಗಳು ಪರಸ್ಪರ ಕೈ ಹಿಡಿದುಕೊಂಡಿರುವ ಜಾಗದಲ್ಲಿ ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನ್ ಇರುತ್ತದೆ. ಅದಕ್ಕೆ ಎರಡು ಉದ್ಯೋಗ. ಅಂಟಿಕೊಂಡಿದ್ದಾಗ ಅದು ಬೆಸುಗೆ, ಬಿಡಿಸಿಕೊಂಡು ಡಿಎನ್‌ಎ ಇರುವ ಕೋಶಕೇಂದ್ರಕ್ಕೆ, ಅಂದರೆ ನ್ಯೂಕ್ಲಿಯಸ್‌ಗೆ ಹೋದರೆ ಜೀನ್‌ಗಳನ್ನು ತೆರೆಯುವ ಕೈ. ಅಂಗಾಂಶ ವಿರೂಪಗೊಂಡಾಗ ಒಂದಷ್ಟು ಬೀಟಾ-ಕ್ಯಾಟೆನಿನ್ ಬೆಸುಗೆಯಿಂದ ಕಳಚಿಕೊಳ್ಳುತ್ತದೆ. ಅಂದರೆ ಗೋಡೆ ಅಲುಗಾಡಿದಾಗ ಗೋಡೆಯ ಇಟ್ಟಿಗೆಯೇ ಎದ್ದು ಹೋಗಿ ಒಳಗಿನವರಿಗೆ ಸುದ್ದಿ ಹೇಳಿದ ಹಾಗೆ. ಇದು ನೊಣಕ್ಕೆ ಮಾತ್ರ ಸೀಮಿತವಲ್ಲ. ಜೀಬ್ರಾ ಮೀನಿನ ಭ್ರೂಣದಲ್ಲೂ ಇಂಥದ್ದೇ ದಾರಿ 2013ರಲ್ಲಿ ಕಂಡುಬಂತು.

ಇನ್ನೊಂದು ದಾರಿ ಯಾಪ್ ಎಂಬ ಪ್ರೋಟೀನಿನದು. ಕೋಶ ಚಪ್ಪಟೆಯಾಗಿ ಹರಡಿಕೊಂಡಿದ್ದರೆ, ಅದರ ಕೆಳಗಿನ ನೆಲ ಗಟ್ಟಿಯಾಗಿದ್ದರೆ, ಯಾಪ್ ನ್ಯೂಕ್ಲಿಯಸ್ ಒಳಗೆ ಹೋಗುತ್ತದೆ. ಕೋಶ ಉಂಡೆಯಾಗಿ ಮುದುಡಿದ್ದರೆ ಅದು ಹೊರಗೇ ಉಳಿಯುತ್ತದೆ. ಸಸ್ತನಿಗಳಲ್ಲಿ ಇದರ ಮಹತ್ವ ತೀರಾ ಮೊದಲ ದಿನಗಳಲ್ಲೇ ಕಾಣುತ್ತದೆ. ಇಲಿಯ ಭ್ರೂಣ ಇನ್ನೂ ಕೆಲವೇ ಹತ್ತು ಕೋಶಗಳ ಉಂಡೆಯಾಗಿದ್ದಾಗ ಹೊರಗಿನ ಕೋಶಗಳಲ್ಲಿ ಯಾಪ್ ಒಳಹೊಕ್ಕು ಸಿಡಿಎಕ್ಸ್2 ಜೀನನ್ನು ತೆರೆಯುತ್ತದೆ, ಆ ಕೋಶಗಳು ಮುಂದೆ ಮಾಸುಚೀಲದ ಕಡೆಗೆ ಹೋಗುತ್ತವೆ. ಒಳಗಿನವು ಮರಿಯಾಗುತ್ತವೆ. ಹೊರಗಿದ್ದೀಯೋ ಒಳಗಿದ್ದೀಯೋ ಎಂಬ ಪ್ರಶ್ನೆಗೆ ಕೋಶ ಉತ್ತರ ಕಂಡುಕೊಳ್ಳುವುದು ಭಾಗಶಃ ತನ್ನ ಮೇಲ್ಮೈಯ ಬಿಗಿತದಿಂದ. ಹೆಚ್ಚು ಬಿಗಿಯಾಗಿ ಸಂಕುಚಿಸುವ ಕೋಶಗಳು ಒಳಗೆ ಸರಿಯುತ್ತವೆ ಎಂದು 2016ರಲ್ಲಿ ತೋರಿಸಲಾಯಿತು.

ನೆಲದ ಗಟ್ಟಿತನದ ಮಾತು ಬಂತಲ್ಲ, 2006ರ ಒಂದು ಪ್ರಸಿದ್ಧ ಪ್ರಯೋಗವನ್ನು ಹೇಳಲೇಬೇಕು. ಮೂಳೆಮಜ್ಜೆಯಿಂದ ತೆಗೆದ ಕಾಂಡಕೋಶಗಳನ್ನು, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಕೋಶಗಳನ್ನು, ಬೇರೆ ಬೇರೆ ಗಟ್ಟಿತನದ ಜೆಲ್ ಮೇಲೆ ಬೆಳೆಸಿದರು. ಮಿದುಳಿನಷ್ಟು ಮೆತ್ತಗಿನ, 1 ಕಿಲೋಪಾಸ್ಕಲ್ (ಗಟ್ಟಿತನದ ಅಳತೆ) ಆಸುಪಾಸಿನ ಜೆಲ್ ಮೇಲೆ ಕೋಶಗಳು ನರಕೋಶದ ಲಕ್ಷಣ ತೋರಿಸಿದವು. ಸ್ನಾಯುವಿನಷ್ಟು ಬಿಗಿಯಾದ, 10ರ ಆಸುಪಾಸಿನ ಜೆಲ್ ಮೇಲೆ ಸ್ನಾಯುವಿನ ಲಕ್ಷಣ. ಇನ್ನೂ ಗಟ್ಟಿಯಾದ, 25ರಿಂದ 40ರ ಜೆಲ್ ಮೇಲೆ ಮೂಳೆಯ ಲಕ್ಷಣ. ಇದು ಪ್ರಯೋಗಾಲಯದ ತಟ್ಟೆಯಲ್ಲಿ ನಡೆದದ್ದು, ಭ್ರೂಣದಲ್ಲಲ್ಲ. ಈ ವ್ಯತ್ಯಾಸವನ್ನು ಜನಪ್ರಿಯ ಲೇಖನಗಳು ಜಾಸ್ತಿ ಹೇಳುವುದಿಲ್ಲ. ಭ್ರೂಣದೊಳಗೆ ಗಟ್ಟಿತನ ನಿಜವಾಗಿಯೂ ಸುದ್ದಿಯಾಗುತ್ತದೆಯೇ ಎನ್ನುವುದಕ್ಕೆ ಚೆನ್ನಾದ ಉದಾಹರಣೆ ಸಿಕ್ಕಿದ್ದು 2018ರಲ್ಲಿ, ಕಪ್ಪೆಯಲ್ಲಿ. ಬೆನ್ನಿನ ಮೇಲಿಂದ ಹೊರಟು ಮುಖದ ಮೂಳೆಗಳನ್ನು ಕಟ್ಟಲು ಹೋಗುವ ಕೋಶಗಳಿವೆ. ಅವು ಕೆಳಗಿನ ಅಂಗಾಂಶ ಸಾಕಷ್ಟು ಬಿಗಿಯಾಗುವವರೆಗೆ ಕಾಯುತ್ತವೆ. ಬಿಗಿಯಾದ ಮೇಲೆ ಪ್ರಯಾಣ ಶುರು. ಅಂಗಾಂಶವನ್ನು ಮೊದಲೇ ಬಿಗಿ ಮಾಡಿದರೆ ಅವು ಮೊದಲೇ ಹೊರಡುತ್ತವೆ.

ನೇರ ದಾರಿಯೂ ಒಂದಿದೆ. ಕೋಶದ ಹೊರಪದರದಿಂದ ನ್ಯೂಕ್ಲಿಯಸ್‌ವರೆಗೆ ಪ್ರೋಟೀನ್ ಹಗ್ಗಗಳು ಕಟ್ಟಿರುತ್ತವೆ. ಹೊರಗೆ ಎಳೆದರೆ ಒಳಗಿನ ಡಿಎನ್‌ಎ ಸುರುಳಿಯೂ ಹಿಗ್ಗುತ್ತದೆ. 2016ರಲ್ಲಿ ಒಂದು ತಂಡ ಕೋಶದ ಮೇಲೆ ಅಯಸ್ಕಾಂತದ ಮಣಿ ಅಂಟಿಸಿ ತಿರುಗಿಸಿದಾಗ ಒಳಗಿನ ಒಂದು ಜೀನಿನ ಸುರುಳಿ ಹಿಗ್ಗಿ ಅದರ ಕೆಲಸ ಹೆಚ್ಚಾದದ್ದನ್ನು ತೋರಿಸಿತು. ಇಲ್ಲಿ ಮಧ್ಯೆ ರಾಸಾಯನಿಕ ದೂತನ ಅಗತ್ಯವೇ ಇರಲಿಲ್ಲ. ಇದು ಕೂಡ ತಟ್ಟೆಯ ಕೋಶಗಳಲ್ಲಿ ನಡೆದದ್ದೇ.

ಈಗ ನಿಮ್ಮ ಪ್ರಶ್ನೆಯ ಕಷ್ಟದ ಭಾಗ. ಜೀನ್‌ಗಳ ಸರದಿ.

ನೀವು ಓದಿದ್ದು ಬಹುಶಃ ಹಾಕ್ಸ್ ಜೀನ್‌ಗಳ ಬಗ್ಗೆ. ದೇಹದ ಯಾವ ಭಾಗ ಕುತ್ತಿಗೆ, ಯಾವುದು ಎದೆ, ಯಾವುದು ಸೊಂಟ ಅಂತ ಗುರುತು ಹಾಕುವ ಜೀನ್‌ಗಳು ಇವು. ಗುರುತು ತಪ್ಪಿದರೆ ಏನಾಗುತ್ತದೆ? ನೊಣದ ತಲೆಯ ಮೇಲೆ ಮೀಸೆಯ ಜಾಗದಲ್ಲಿ ಕಾಲು ಬೆಳೆಯುತ್ತದೆ. ಎರಡು ರೆಕ್ಕೆಯ ನೊಣಕ್ಕೆ ನಾಲ್ಕು ರೆಕ್ಕೆ ಬರುತ್ತದೆ. ಮನುಷ್ಯರಲ್ಲಿ ಇಂಥ 39 ಜೀನ್‌ಗಳಿದ್ದು, ನಾಲ್ಕು ಕ್ರೋಮೋಸೋಮ್‌ಗಳ ಮೇಲೆ ನಾಲ್ಕು ಗೊಂಚಲಾಗಿ ಕೂತಿವೆ. ವಿಚಿತ್ರ ಏನೆಂದರೆ, ಡಿಎನ್‌ಎ ಎಳೆಯ ಮೇಲೆ ಅವು ಕೂತಿರುವ ಕ್ರಮವೂ ದೇಹದಲ್ಲಿ ತಲೆಯಿಂದ ಬಾಲದವರೆಗೆ ಅವು ಕೆಲಸ ಮಾಡುವ ಕ್ರಮವೂ ಒಂದೇ. ಎಡ್ವರ್ಡ್ ಲೂಯಿಸ್ ನೊಣಗಳಲ್ಲಿ ಇದನ್ನು ಗಮನಿಸಿ 1978ರಲ್ಲಿ ವಿವರವಾಗಿ ಬರೆದರು, 1995ರಲ್ಲಿ ಅವರಿಗೆ ನೊಬೆಲ್ ಬಂತು. ಬೆನ್ನೆಲುಬಿನ ಪ್ರಾಣಿಗಳಲ್ಲಿ ಇನ್ನೂ ಒಂದು ಸ್ವಾರಸ್ಯ ಇದೆ: ಅವು ತೆರೆದುಕೊಳ್ಳುವ ಸಮಯವೂ ಅದೇ ಕ್ರಮದಲ್ಲಿ. ಗೊಂಚಲಿನಲ್ಲಿ ಒಂದನೇ ನಂಬರಿನ ಜೀನ್ ಮೊದಲು, ಹದಿಮೂರನೆಯದು ಕೊನೆಗೆ. ಇಲಿಯಲ್ಲಿ ಇದು ಏಳನೇ ದಿನದ ಆಸುಪಾಸಿನಲ್ಲಿ ಶುರುವಾಗಿ ಕೆಲವು ದಿನ ನಡೆಯುತ್ತದೆ.

ಜಿಪ್ ಎಳೆದ ಹಾಗೆ ಒಂದು ತುದಿಯಿಂದ ತೆರೆದುಕೊಳ್ಳುತ್ತಾ ಹೋಗುತ್ತದೆ ಅಲ್ವಾ, ಹಾಗಾದರೆ ಯಾರೋ ಒಂದು ತುದಿಯನ್ನು ಹಿಡಿದು ಎಳೆಯುತ್ತಿರಬೇಕು ಎಂಬ ಯೋಚನೆ ಸಹಜ. ಅಂಥದ್ದೇ ಒಂದು ಭೌತಿಕ ಮಾದರಿ ಇದೆ. ಗೊಂಚಲಿನ ಒಂದು ತುದಿ ಕಟ್ಟಿಹಾಕಿದ ಹಾಗಿದ್ದು, ಇನ್ನೊಂದು ತುದಿಯನ್ನು ವಿದ್ಯುತ್ ಆಕರ್ಷಣೆ ಸ್ಪ್ರಿಂಗಿನಂತೆ ಎಳೆಯುತ್ತದೆ, ಎಳೆದಷ್ಟು ಜೀನ್‌ಗಳು ಕೆಲಸ ನಡೆಯುವ ಜಾಗಕ್ಕೆ ಬರುತ್ತವೆ ಅನ್ನುತ್ತದೆ ಅದು. ನೀವು ಓದಿದ್ದು ಇದರ ಬಗ್ಗೆಯೇ ಇರಬಹುದು. ಕಲ್ಪನೆ ಚೆನ್ನಾಗಿದೆ. ಆದರೆ ಅದು ಮಾದರಿ. ನೊಣದ ಟ್ವಿಸ್ಟ್‌ಗೆ ಇರುವಂಥ ತೆಗೆದು-ಕೊಟ್ಟು ನೋಡಿದ ಸಾಕ್ಷಿಯ ಸಾಲಿನಲ್ಲಿ ಅದನ್ನು ನಾನು ಇಡುವುದಿಲ್ಲ.

ಗೊಂಚಲು ಜಾಗ ಬದಲಿಸುವುದಂತೂ ನಿಜ. 2004ರಲ್ಲಿ ಇಲಿಯ ಕೋಶಗಳಲ್ಲಿ ನೋಡಿದಾಗ, ಕೆಲಸ ಶುರುವಾಗುವ ಹೊತ್ತಿಗೆ ನಾಲ್ಕರಲ್ಲಿ ಒಂದಾದ ಹಾಕ್ಸ್-ಬಿ ಗೊಂಚಲು ಸಡಿಲವಾಗಿ ತನ್ನ ಕ್ರೋಮೋಸೋಮ್‌ನ ಗುಡ್ಡೆಯಿಂದ ಕುಣಿಕೆಯಂತೆ ಹೊರಗೆ ಚಾಚಿತ್ತು. 2011ರಲ್ಲಿ ಜೀವವಿಜ್ಞಾನಿ ಡೆನಿ ಡುಬುಲ್ ಅವರ ತಂಡ ಇನ್ನೂ ಹತ್ತಿರದಿಂದ ನೋಡಿತು. ಮಲಗಿರುವ ಗೊಂಚಲು ಒಂದೇ ಗಂಟು. ಜೀನ್‌ಗಳು ಎಚ್ಚರವಾಗುತ್ತಾ ಹೋದಂತೆ ಒಂದೊಂದಾಗಿ ಆ ಗಂಟನ್ನು ಬಿಟ್ಟು ಪಕ್ಕದ ಇನ್ನೊಂದು ಗಂಟಿಗೆ ಸೇರುತ್ತವೆ, ಮಲಗಿರುವವರ ಕೋಣೆಯಿಂದ ಎದ್ದವರ ಕೋಣೆಗೆ ಹೋದ ಹಾಗೆ.

ಹಾಗಾದರೆ ಸರದಿ ಕಾಯಿಸುವವರು ಯಾರು? ಇಲ್ಲಿ ಕೊಹೆಸಿನ್ ಬರುತ್ತದೆ. ಇದು ಉಂಗುರದಂಥ ಪ್ರೋಟೀನ್ ಯಂತ್ರ. ಡಿಎನ್‌ಎ ಎಳೆಯನ್ನು ಹಿಡಿದು, ಶಕ್ತಿ ಖರ್ಚು ಮಾಡಿ, ಎಳೆಯನ್ನು ತನ್ನ ಮೂಲಕ ಜಗ್ಗುತ್ತಾ ಕುಣಿಕೆಯನ್ನು ದೊಡ್ಡದು ಮಾಡುತ್ತದೆ. ಇದರ ಸಂಬಂಧಿ ಕಂಡೆನ್ಸಿನ್ ಹೀಗೆ ಜಗ್ಗುವುದನ್ನು 2018ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕಣ್ಣಾರೆ ನೋಡಿದರು. ಮರುವರ್ಷ ಕೊಹೆಸಿನ್‌ನದೂ ಆಯಿತು. ಎಳೆಯ ಮೇಲೆ ಅಲ್ಲಲ್ಲಿ ಸಿಟಿಸಿಎಫ್ ಎಂಬ ಪ್ರೋಟೀನ್ ಕೂತಿರುತ್ತದೆ, ಅದು ಕೊಹೆಸಿನ್‌ಗೆ ತಡೆಗಂಬ. ಹಾಕ್ಸ್ ಗೊಂಚಲಿನೊಳಗೆ ಇಂಥ ಹಲವು ಕಂಬಗಳು ಸಾಲಾಗಿವೆ. 2023ರಲ್ಲಿ ಡುಬುಲ್ ತಂಡ, ಇಲಿಯ ಕಾಂಡಕೋಶಗಳಿಂದ ಬೆಳೆಸಿದ ಭ್ರೂಣದಂಥ ಉಂಡೆಗಳಲ್ಲಿ, ಗೊಂಚಲು ಒಂದು ಕಂಬದಿಂದ ಮುಂದಿನ ಕಂಬಕ್ಕೆ ಹೆಜ್ಜೆ ಹೆಜ್ಜೆಯಾಗಿ ತೆರೆದುಕೊಳ್ಳುವುದನ್ನು ತೋರಿಸಿತು. ಕಂಬಗಳನ್ನು ಕೆಡಿಸಿದರೆ ಸಮಯ ತಪ್ಪುತ್ತದೆ.

ನೋಡಿ, ಇಲ್ಲಿ ಬಲ ಇದೆ. ಕೊಹೆಸಿನ್ ಜಗ್ಗುವುದೂ ಬಲವೇ. ಆದರೆ ಅದು ಎಷ್ಟು ಬಲ? ಒಂದು ಪಿಕೋನ್ಯೂಟನ್‌ಗಿಂತಲೂ ಕಡಿಮೆ ಎಳೆತ ಎದುರಾದರೆ ಅದು ನಿಂತುಬಿಡುತ್ತದೆ. ಒಂದು ಗ್ರಾಂ ತೂಕ ನಿಮ್ಮ ಅಂಗೈಯನ್ನು ಒತ್ತುವ ಬಲದ ಸಾವಿರ ಕೋಟಿಯಲ್ಲಿ ಒಂದು ಭಾಗ ಅಂದುಕೊಳ್ಳಿ. ಇಷ್ಟು ಬಡ ಯಂತ್ರ ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದುವರಿಯಬೇಕು ಅನ್ನುವುದನ್ನು ಹೇಳುವುದು ಕಂಬಗಳು. ಕಂಬಗಳ ಜಾಗವನ್ನು ಬರೆದಿರುವುದು ಡಿಎನ್‌ಎಯಲ್ಲಿ. ಅದಕ್ಕೇ ನಾನು ಮೊದಲೇ ಹೇಳಿದ್ದು, ಸಾಲು ಬಲದ್ದಲ್ಲ ಅಂತ.

ಗೊಂಚಲನ್ನು ಎಳೆಯುವ ಬಲವೇ ಎಲ್ಲವನ್ನೂ ವಿವರಿಸುತ್ತದೆ ಅನ್ನುವವರಿಗೆ ಒಂದು ಪುಟ್ಟ ಸಮುದ್ರಜೀವಿ ಮುಳ್ಳಾಗಿದೆ. ಓಯ್ಕೊಪ್ಲೂರಾ ಅಂತ ಅದರ ಹೆಸರು. ಅದರಲ್ಲಿ ಹಾಕ್ಸ್ ಜೀನ್‌ಗಳು ಗೊಂಚಲಾಗಿಯೇ ಇಲ್ಲ, ಚೆಲ್ಲಾಪಿಲ್ಲಿಯಾಗಿವೆ. ಆದರೂ ದೇಹದಲ್ಲಿ ಅವು ತಲೆಯಿಂದ ಬಾಲದ ಕಡೆಗೆ ಹೆಚ್ಚುಕಡಿಮೆ ಸರಿಯಾದ ಕ್ರಮದಲ್ಲೇ ಕೆಲಸ ಮಾಡುತ್ತವೆ. ಹಣ್ಣಿನ ನೊಣದಲ್ಲೂ ಗೊಂಚಲು ಎರಡು ತುಂಡಾಗಿದೆ. ಒಂದು ಹಗ್ಗವೇ ಇಲ್ಲದ ಕಡೆ ಎಳೆಯುವುದೇನನ್ನು?

ಬಲ ನಿಜವಾಗಿಯೂ ನಿರ್ಣಾಯಕವಾಗುವ ಇನ್ನೊಂದು ಜಾಗವನ್ನು ಹೇಳದೆ ಬಿಡಲಾರೆ, ಅದು ನನಗೆ ಅಚ್ಚುಮೆಚ್ಚು. ನಮ್ಮ ಹೃದಯ ಎಡಕ್ಕೇ ಯಾಕಿದೆ? ಇಲಿಯ ಭ್ರೂಣದಲ್ಲಿ ಎಂಟನೇ ದಿನದ ಸುಮಾರಿಗೆ ಹೊಟ್ಟೆಯ ಮೇಲ್ಮೈಯಲ್ಲಿ ಒಂದು ಚಿಕ್ಕ ಗುಳಿ ಮೂಡುತ್ತದೆ. ಗುಳಿಯ ತುಂಬ ನೂರಾರು ಸೂಕ್ಷ್ಮ ರೋಮಗಳು, ಒಂದು ಕೋಶಕ್ಕೆ ಒಂದರಂತೆ. ಎಲ್ಲವೂ ಸೆಕೆಂಡಿಗೆ ಹತ್ತು ಸುತ್ತಿನಷ್ಟು ವೇಗದಲ್ಲಿ ಒಂದೇ ದಿಕ್ಕಿಗೆ ಗಿರಗಿರ ತಿರುಗುತ್ತವೆ. ನೆಟ್ಟಗೆ ನಿಂತು ತಿರುಗಿದ್ದರೆ ದ್ರವ ಅಲ್ಲೇ ಸುಳಿಯಾಗುತ್ತಿತ್ತು, ಅಷ್ಟೇ. ಆದರೆ ಅವು ಬಾಲದ ಕಡೆಗೆ ಸ್ವಲ್ಪ ವಾಲಿಕೊಂಡಿವೆ. ಹಾಗಾಗಿ ಬಲಕ್ಕೆ ಬರುವಾಗ ನೆಲಕ್ಕೆ ತಾಗುವಷ್ಟು ಕೆಳಗಿರುತ್ತವೆ, ಅಲ್ಲಿ ದ್ರವ ಅಲುಗದು. ಎಡಕ್ಕೆ ಹೋಗುವಾಗ ಎತ್ತರದಲ್ಲಿರುತ್ತವೆ, ದ್ರವವನ್ನು ಬಾಚಿಕೊಂಡು ಹೋಗುತ್ತವೆ. ಒಟ್ಟಾರೆ ಗುಳಿಯ ದ್ರವ ಎಡಕ್ಕೆ ಹರಿಯುತ್ತದೆ. ಟೋಕಿಯೊದ ಹಿರೊಕಾವಾ ಅವರ ಪ್ರಯೋಗಾಲಯ 1998ರಲ್ಲಿ ಈ ಹರಿವನ್ನು ತೋರಿಸಿತು. ಹರಿವು ಹೋದ ಕಡೆ, ಅಂದರೆ ಎಡಗಡೆ, ನೋಡಲ್ ಜೀನ್ ಜೋರಾಗುತ್ತದೆ, ಅದರ ಹಿಂದೆಯೇ ಪಿಟ್ಎಕ್ಸ್2 ಎಂಬ ಇನ್ನೊಂದು ಜೀನ್ ತೆರೆಯುತ್ತದೆ, ಕೊನೆಗೆ ಹೃದಯ ಎಡಕ್ಕೆ ನೆಲೆಯಾಗುತ್ತದೆ.

2002ರಲ್ಲಿ ಇದರ ನೇರ ಪರೀಕ್ಷೆ ನಡೆಯಿತು. ಇಲಿಯ ಭ್ರೂಣವನ್ನು ಪುಟ್ಟ ಕೋಣೆಯಲ್ಲಿಟ್ಟು ಹೊರಗಿನಿಂದ ದ್ರವವನ್ನು ಬಲಕ್ಕೆ ರಭಸವಾಗಿ ಹರಿಸಿದರು. ಎಡ-ಬಲ ತಿರುಗುಮುರುಗಾಯಿತು. ಜೀನ್ ಒಂದೂ ಬದಲಾಗಿಲ್ಲ, ನೀರು ಹರಿದ ದಿಕ್ಕು ಮಾತ್ರ ಬದಲು! ಹರಿವು ರಾಸಾಯನಿಕವನ್ನು ಹೊತ್ತೊಯ್ಯುತ್ತದೆಯೋ, ಅಥವಾ ಗುಳಿಯ ಅಂಚಿನ ಅಲುಗದ ರೋಮಗಳನ್ನು ಬಗ್ಗಿಸುತ್ತದೆಯೋ ಅಂತ ಬಹಳ ವರ್ಷ ಜಗಳ ನಡೆಯಿತು. 2023ರಲ್ಲಿ ಬೆಳಕಿನ ಚಿಮಟದಿಂದ ಒಂದೊಂದೇ ರೋಮವನ್ನು ಹಿಡಿದು ಬಗ್ಗಿಸಿ ನೋಡಿದರು. ಕೋಶದೊಳಗೆ ಕ್ಯಾಲ್ಸಿಯಂ ಸಂಕೇತ ಎದ್ದಿತು. ಬಗ್ಗಿಸುವುದೇ ಸಾಕು ಎಂಬ ಪಕ್ಷಕ್ಕೆ ಬಲ ಬಂದಿದೆ. ಕೋಳಿ, ಹಂದಿಗಳಲ್ಲಿ ಮಾತ್ರ ಈ ಹರಿವು ಇಲ್ಲ, ಅವು ಬೇರೆ ದಾರಿ ಹಿಡಿದಿವೆ.

ಇನ್ನು ಗರ್ಭಿಣಿಯ ಹೊಟ್ಟೆಯ ಪ್ರಶ್ನೆ. ಮಗ್ಗುಲು ಬದಲಿಸಿದ್ದು, ಬಗ್ಗಿದ್ದು, ಬಿಗಿ ಬಟ್ಟೆ ಹಾಕಿದ್ದು ಇದಕ್ಕೆಲ್ಲ ಮಗುವಿನ ಜೀನ್‌ಗಳು ಅಡ್ಡಾದಿಡ್ಡಿ ತೆರೆದುಕೊಳ್ಳುವುದಿಲ್ಲ, ತಲೆಕೆಡಿಸಿಕೊಳ್ಳಬೇಡಿ. ಅಂಗಗಳು ರೂಪುಗೊಳ್ಳುವ ಮೊದಲ ವಾರಗಳಲ್ಲಿ ಗರ್ಭಕೋಶ ಸೊಂಟದ ಮೂಳೆಯ ಒಳಗೆ ಭದ್ರವಾಗಿರುತ್ತದೆ. ಭ್ರೂಣ ದ್ರವದೊಳಗೆ ತೇಲುತ್ತದೆ, ಹೊರಗಿನ ಒತ್ತಡ ದ್ರವದಲ್ಲಿ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ನಾನು ಇಷ್ಟು ಹೊತ್ತು ಹೇಳಿದ ಬಲಗಳೆಲ್ಲ ಒಂದು ಸಣ್ಣ ಜಾಗದಲ್ಲಿ, ಭ್ರೂಣ ತಾನೇ ಹುಟ್ಟಿಸಿಕೊಂಡವು. ಜೋರಾಗಿ ಬಿದ್ದರೆ, ಹೊಟ್ಟೆಗೆ ಏಟಾದರೆ ಮಾತ್ರ ವೈದ್ಯರ ಹತ್ತಿರ ಹೋಗಲೇಬೇಕು, ಆದರೆ ಅದರ ಕಾರಣ ಜೀನ್ ಅಲ್ಲ, ಮಾಸುಚೀಲಕ್ಕೆ ಪೆಟ್ಟಾಗಿರಬಹುದು ಅಂತ.

ಆದರೆ ಮಗು ಒದೆಯುತ್ತದಲ್ಲ, ಅದು ಲೆಕ್ಕಕ್ಕೆ ಬರುತ್ತದೆ. ಕೀಲುಗಳು ಆಗುವ ಜಾಗದಲ್ಲಿ ಕೋಶಗಳು ತಾವು ಕೀಲು ಎಂಬುದನ್ನು ಮರೆಯದಿರಲು ಸ್ನಾಯುವಿನ ಎಳೆತ ಬೇಕು. ಸ್ನಾಯು ಸಂಕುಚಿಸದ ಇಲಿಭ್ರೂಣಗಳನ್ನು 2009ರಲ್ಲಿ ಪರೀಕ್ಷಿಸಿದಾಗ, ಆ ಜಾಗದಲ್ಲಿ ಬೀಟಾ-ಕ್ಯಾಟೆನಿನ್ ಚಟುವಟಿಕೆ ಕಾಣೆಯಾಗಿತ್ತು, ಕೋಶಗಳು ಮೃದ್ವಸ್ಥಿಯಾಗಿ ಬದಲಾಗಿದ್ದವು. ನೊಣದಲ್ಲಿ ನೋಡಿದ ಅದೇ ಪ್ರೋಟೀನ್! ಮೊಣಕೈ ಬೆಸೆದುಕೊಂಡುಬಿಟ್ಟಿತ್ತು. ಮನುಷ್ಯರಲ್ಲೂ ಗರ್ಭದಲ್ಲಿ ಅಲುಗಾಟ ತೀರಾ ಕಡಿಮೆಯಾದ ಮಕ್ಕಳು ಕೀಲು ಬಿಗಿದುಕೊಂಡು ಹುಟ್ಟುವುದುಂಟು. ವಿಚಿತ್ರ ಏನೆಂದರೆ, ಅಂಥ ಇಲಿಗಳಲ್ಲಿ ಮೊಣಕಾಲಿನ ಕೀಲು ಬಹುಪಾಲು ಸರಿಯಾಗಿಯೇ ಬರುತ್ತದೆ. ಅದಕ್ಕೆ ಒಂದು ಊಹೆ ಇದೆ: ತಾಯಿ ಓಡಾಡುವಾಗ, ಪಕ್ಕದ ಮರಿಗಳು ಒದ್ದಾಡುವಾಗ, ಅಲುಗದ ಈ ಮರಿಯ ಹಿಂಗಾಲೂ ತುಸು ಅಲುಗುತ್ತದೆ, ಅದಕ್ಕೆ ಅಷ್ಟೇ ಸಾಕಾಗಿರಬಹುದು.